ಹೊರಡುವ ಮೊದಲು ಒಂದು ಪ್ರಮಾಣ

ನಮ್ಮ ಊಟದ ಮೇಜಿನ ತುದಿಯಲ್ಲಿ ಒಂದೂವರೆ ವರ್ಷದಿಂದ ಒಂದು ಅರ್ಜಿ ಬಿದ್ದುಕೊಂಡಿದೆ. ಅಮೆರಿಕದ ಪೌರತ್ವ ಕೇಳುವ ಅರ್ಜಿ, ಎನ್-400 ಅಂತ ಅದರ ಹೆಸರು. ಕಂಪ್ಯೂಟರಿನಲ್ಲೇ ತುಂಬಬಹುದಾದ್ದನ್ನು ನಾನು ಮುದ್ರಿಸಿ ತಂದಿಟ್ಟೆ. ಕಣ್ಣೆದುರಿಗಿದ್ದರೆ ತೀರ್ಮಾನ ಬೇಗ ಆದೀತು ಅನ್ನುವ ಆಸೆ. ಆಗಲಿಲ್ಲ. ಮೊದಲ ಪುಟದ ಮೇಲೆ ಸಾರಿನ ಕಲೆಯಾಗಿದೆ, ಕೊನೆಯ ಪುಟದ ಬೆನ್ನಿಗೆ ಮಗಳು ಭಿನ್ನರಾಶಿಯ ಲೆಕ್ಕ ಮಾಡಿದ್ದಾಳೆ.

ಬರುವ ಬೇಸಗೆಯಲ್ಲಿ ನಾವು ಶಿರಸಿ ತಾಲೂಕಿನ ನಮ್ಮ ಊರಿಗೆ ವಾಪಸು ಹೊರಟಿದ್ದೇವೆ. ಅದರಲ್ಲಿ ಅನುಮಾನವಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ ಇದ್ದಾಳೆ. ಎರಡೆಕರೆ ಅಡಿಕೆ ತೋಟ, ಕೊಳೆರೋಗಕ್ಕೆ ಮದ್ದು ಹೊಡೆಯಲು ಜನ ಸಿಗದ ಮಳೆಗಾಲ, ಆಕೆಯ ಮಂಡಿನೋವು. ಅನುಮಾನ ಇರುವುದು ಒಂದೇ ವಿಷಯದಲ್ಲಿ: ಅಮೆರಿಕದ ಪ್ರಜೆಯಾಗಿ ಹೊರಡುವುದೋ, ಈಗಿರುವ ಹಾಗೆ ಭಾರತದ ಪ್ರಜೆಯಾಗಿಯೇ ಹೊರಡುವುದೋ?

ಸ್ನೇಹಿತರಿಗೆ ಇದೊಂದು ಪ್ರಶ್ನೆಯೇ ಅಲ್ಲ. "ತಗೊಂಡು ಹೋಗು ಮಾರಾಯ, ಇನ್ಶೂರೆನ್ಸ್ ಇದ್ದ ಹಾಗೆ," ಅನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನಾನು 2004ರಲ್ಲಿ ಓದಲು ಬಂದವನು. 2009ರಲ್ಲಿ ನನ್ನ ಗ್ರೀನ್ ಕಾರ್ಡಿನ ಅರ್ಜಿ ಹೋಯಿತು. ಈ ಕಾರ್ಡುಗಳನ್ನು ಹಂಚುವಾಗ ಒಂದು ದೇಶದವರಿಗೆ ವರ್ಷಕ್ಕೆ ಶೇಕಡಾ 7ರ ಮಿತಿ ಇದೆ. ಹಾಗಾಗಿ ಭಾರತದವರ ಸಾಲು ಬಹಳ ಉದ್ದ. ನನ್ನ ಸರದಿ ಬಂದದ್ದು 2018ರಲ್ಲಿ. ಅಲ್ಲಿಂದ ಐದು ವರ್ಷ ಕಳೆದ ಮೇಲೆ ಪೌರತ್ವ ಕೇಳುವ ಅರ್ಹತೆ ಬಂತು. ಗ್ರೀನ್ ಕಾರ್ಡು ಇಲ್ಲಿ ವಾಸ ಮಾಡುವವರಿಗೆ ಕೊಟ್ಟ ಅನುಮತಿ. ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ ಅದನ್ನು ನಾವೇ ಬಿಟ್ಟುಕೊಟ್ಟ ಲೆಕ್ಕ. ಮೊದಲೇ ಮರುಪ್ರವೇಶದ ಪತ್ರ ಪಡೆದಿದ್ದರೆ ಎರಡು ವರ್ಷದ ತನಕ ಎಳೆಯಬಹುದು. ಪೌರತ್ವ ಹಾಗೆ ಕರಗುವುದಿಲ್ಲ. ಶಿರಸಿಯಲ್ಲಿ ಮೂವತ್ತು ವರ್ಷ ಕೂತರೂ ಅದು ಇದ್ದೇ ಇರುತ್ತದೆ, ಪ್ರತಿವರ್ಷ ಅಮೆರಿಕಕ್ಕೆ ತೆರಿಗೆಯ ಲೆಕ್ಕ ಒಪ್ಪಿಸುವ ತಲೆನೋವಿನ ಜೊತೆಗೆ. ಒಂಬತ್ತು ವರ್ಷ ಸಾಲಿನಲ್ಲಿ ನಿಂತು ಪಡೆದದ್ದನ್ನು ಎರಡು ವರ್ಷದಲ್ಲಿ ಕಳೆದುಕೊಳ್ಳುವುದೇ ಅನ್ನುವುದು ಸ್ನೇಹಿತರ ಲೆಕ್ಕ.

ಇದಕ್ಕೆ ಇನ್ನೂ ಗಟ್ಟಿಯಾದ ಸಮರ್ಥನೆ ಚರಿತ್ರೆಯಲ್ಲಿದೆ. 1972ರ ಆಗಸ್ಟಿನಲ್ಲಿ ಉಗಾಂಡದ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಕೊಟ್ಟ. ಬ್ರಿಟಿಷ್ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದವರಿಗೆ ಹೋಗಲು ಒಂದು ದೇಶವಿತ್ತು. ಉಗಾಂಡವೇ ನಮ್ಮದು ಎಂದು ನಂಬಿ ಆ ದೇಶದ ಪೌರತ್ವವನ್ನೇ ಪಡೆದಿದ್ದ ಅನೇಕರ ಕಾಗದಗಳನ್ನು ಅಧಿಕಾರಿಗಳು ಒಪ್ಪಲಿಲ್ಲ. ಅವರು ಎಲ್ಲಿಗೂ ಸೇರದವರಾದರು. ನಿಷ್ಠೆ ತೋರಿಸಿದವರೇ ಬೀದಿಗೆ ಬಿದ್ದರು. ಜರ್ಮನಿ ಬಿಟ್ಟು ಓಡಿಬಂದ ತತ್ವಚಿಂತಕಿ ಹನ್ನಾ ಅರೆಂಟ್ ಹೀಗೆ ಯಾವ ದೇಶಕ್ಕೂ ಸೇರದೆ ವರ್ಷಗಟ್ಟಲೆ ಬದುಕಿದವರು. ಅಮೆರಿಕದ ಪೌರತ್ವ ಸಿಕ್ಕ 1951ರಲ್ಲೇ ಅವರ ದೊಡ್ಡ ಪುಸ್ತಕವೂ ಬಂತು. ಮನುಷ್ಯನಾಗಿ ಹುಟ್ಟಿದ್ದರಿಂದಲೇ ಹಕ್ಕುಗಳು ಬರುತ್ತವೆ ಅನ್ನುವುದು ಕೇಳಲು ಚೆಂದ. ಆದರೆ ನಮ್ಮವನು ಎಂದು ಒಪ್ಪಿಕೊಳ್ಳುವ ಒಂದು ರಾಜ್ಯವಿಲ್ಲದಿದ್ದರೆ ಆ ಹಕ್ಕುಗಳನ್ನು ಕೇಳಲು ಜಾಗವೇ ಇರುವುದಿಲ್ಲ ಎಂದು ಅವರು ವಾದಿಸಿದರು. ಪಾಸ್‌ಪೋರ್ಟ್ ಬರೀ ಕಾಗದ ಎಂದು ಹೇಳುವವರು ಸಾಮಾನ್ಯವಾಗಿ ಜೇಬಿನಲ್ಲಿ ಒಂದನ್ನು ಇಟ್ಟುಕೊಂಡೇ ಹೇಳುತ್ತಾರೆ.

ಹಾಗಾದರೆ ನನ್ನನ್ನು ತಡೆದದ್ದು ಏನು? ಮೊದಲು ತಡೆದದ್ದು ಪ್ರಮಾಣವಚನ.

ಅಮೆರಿಕದ ಪ್ರಜೆಯಾಗುವವರು ಎದ್ದುನಿಂತು, ಬಲಗೈ ಎತ್ತಿ, ಇಲ್ಲಿಯ ತನಕ ತಾವು ಯಾವ ದೇಶದ ಪ್ರಜೆಯಾಗಿದ್ದರೋ ಆ ದೇಶದ ಮೇಲಿನ ನಿಷ್ಠೆಯನ್ನು ಪೂರ್ತಿ ತ್ಯಜಿಸುತ್ತೇವೆ ಎಂದು ಹೇಳಬೇಕು. ಕಾನೂನು ಕೇಳಿದರೆ ಅಮೆರಿಕದ ಪರವಾಗಿ ಆಯುಧ ಹಿಡಿಯುತ್ತೇವೆ ಎನ್ನಬೇಕು. ಕೊನೆಗೆ, ಇದನ್ನೆಲ್ಲ ಮನಸ್ಸಿನೊಳಗೆ ಮುಚ್ಚುಮರೆ ಇಟ್ಟುಕೊಳ್ಳದೆ, ನುಣುಚಿಕೊಳ್ಳುವ ಉದ್ದೇಶವಿಲ್ಲದೆ ಹೇಳುತ್ತಿದ್ದೇವೆ ಎಂದೂ ಸೇರಿಸಬೇಕು. ವಿಮಾನದ ಟಿಕೆಟ್ ತೆಗೆಸಿಟ್ಟುಕೊಂಡು ನಾನು ಈ ಮಾತು ಹೇಳಬಹುದೇ? ತೀರಿಸುವುದಿಲ್ಲ ಎಂದು ಗೊತ್ತಿದ್ದೂ ತೀರಿಸುತ್ತೇನೆಂದು ಮಾತು ಕೊಟ್ಟು ಸಾಲ ತೆಗೆದುಕೊಳ್ಳುವವನ ಉದಾಹರಣೆಯನ್ನು ಕಾಂಟ್ ಕೊಡುತ್ತಾನೆ. ಎಲ್ಲರೂ ಹಾಗೆ ಮಾಡಿದರೆ ಮಾತು ಕೊಡುವುದಕ್ಕೇ ಅರ್ಥವಿರುವುದಿಲ್ಲ ಎಂಬುದು ಅವನ ತರ್ಕ. ಪುಣ್ಯಕೋಟಿಯ ಕತೆ ಕೇಳಿ ಬೆಳೆದ ನಮಗೆ ಕಾಂಟ್ ಬೇಕಾಗಿಯೂ ಇಲ್ಲ. ಹುಲಿಗೆ ಕೊಟ್ಟ ಮಾತಿನಲ್ಲಿ ಸಣ್ಣ ಅಕ್ಷರದ ಷರತ್ತು ಏನೂ ಇರಲಿಲ್ಲ.

ಆದರೆ ಈ ಆಕ್ಷೇಪವನ್ನು ಸ್ವಲ್ಪ ತಿಕ್ಕಿ ನೋಡಿದಾಗ ಅದು ನಾನು ಅಂದುಕೊಂಡಷ್ಟು ಗಟ್ಟಿ ಇರಲಿಲ್ಲ. ಒಂದು ಕಾಲಕ್ಕೆ ಅಮೆರಿಕದ ಕಾನೂನಿಗೂ ನನ್ನದೇ ಅನುಮಾನ ಇತ್ತು. ಪೌರತ್ವ ಪಡೆದು ಐದು ವರ್ಷದೊಳಗೆ ಹೊರದೇಶದಲ್ಲಿ ನೆಲೆ ನಿಂತರೆ, ಪ್ರಮಾಣ ಮಾಡುವಾಗಲೇ ಇಲ್ಲಿ ಉಳಿಯುವ ಮನಸ್ಸಿರಲಿಲ್ಲ ಎಂದು ಭಾವಿಸಿ ಪೌರತ್ವ ರದ್ದು ಮಾಡಲು ಅವಕಾಶವಿತ್ತು. 1986ರಲ್ಲಿ ಆ ಐದು ವರ್ಷವನ್ನು ಒಂದು ವರ್ಷಕ್ಕೆ ಇಳಿಸಿದರು, 1994ರಲ್ಲಿ ಆ ನಿಯಮವನ್ನೇ ತೆಗೆದುಹಾಕಿದರು. ಅದಕ್ಕೂ ಮುಂಚೆ, 1964ರಲ್ಲಿ, ಜರ್ಮನಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದು ಅಲ್ಲಿಯ ಪ್ರಜೆಯಾಗಿ, ಮದುವೆಯಾದ ಮೇಲೆ ಜರ್ಮನಿಗೆ ಮರಳಿದ್ದ ಷ್ನೈಡರ್ ಎಂಬ ಮಹಿಳೆಯ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಿತ್ತು. ಹುಟ್ಟಿದ ದೇಶಕ್ಕೆ ಹೋಗಿ ಮೂರು ವರ್ಷ ನೆಲೆಸಿದ್ದಕ್ಕೆ ಪೌರತ್ವ ಕಿತ್ತುಕೊಳ್ಳುವುದು ತಪ್ಪು, ಹುಟ್ಟಿನಿಂದ ಪ್ರಜೆಯಾದವರು ಎಲ್ಲಿ ಬೇಕಾದರೂ ಬದುಕಬಹುದಾದರೆ ಪ್ರಮಾಣ ಮಾಡಿ ಪ್ರಜೆಯಾದವರಿಗೂ ಅದೇ ಸ್ವಾತಂತ್ರ್ಯ ಇರಬೇಕು ಎಂದು ಕೋರ್ಟು ಹೇಳಿತು. ಅಂದರೆ ಅಮೆರಿಕ ಈಗ ನನ್ನಿಂದ ಇಲ್ಲೇ ಇರುತ್ತೇನೆಂಬ ಮಾತು ಕೇಳುತ್ತಿಲ್ಲ. ಕೇಳದ ಮಾತನ್ನು ಮುರಿದೆನೆಂದು ಕೊರಗುವುದರಲ್ಲಿ ಅರ್ಥವಿಲ್ಲ. ಇಪ್ಪತ್ತು ವರ್ಷ ಈ ದೇಶದ ರಸ್ತೆ, ಗ್ರಂಥಾಲಯ, ಕಾನೂನುಗಳ ಫಲ ಉಂಡವನು ಅದರ ಸಂವಿಧಾನವನ್ನು ಗೌರವಿಸುತ್ತೇನೆ ಎಂದರೆ ಅದು ಸುಳ್ಳೂ ಅಲ್ಲ.

ಉಳಿದದ್ದು ಪ್ರಮಾಣದ ಮೊದಲ ಭಾಗ, ತ್ಯಾಗದ ಮಾತು. ಅದೇ ಸಭೆಯಲ್ಲಿ ನನ್ನ ಪಕ್ಕದಲ್ಲಿ ಒಬ್ಬ ಐರಿಶ್ ಮನುಷ್ಯ ನಿಂತಿದ್ದಾನೆಂದುಕೊಳ್ಳಿ. ಅವನೂ ಅದೇ ಮಾತು ಹೇಳುತ್ತಾನೆ. ಆದರೆ ಐರ್ಲೆಂಡ್ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ, ಅಮೆರಿಕವೂ ಬೆನ್ನಟ್ಟಿ ಹೋಗುವುದಿಲ್ಲ. ಅವನು ಸಂಜೆಗೆ ಎರಡು ಪಾಸ್‌ಪೋರ್ಟಿನ ಒಡೆಯ. ಅವನ ಪಾಲಿಗೆ ಅದು ಹಳೆಯ ವಿಧಿಯೊಂದರ ಮಂತ್ರ. ನಾನು ಹೇಳಿದರೆ ಅದು ಅಕ್ಷರಶಃ ನಿಜವಾಗುತ್ತದೆ. ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪ್ರಜೆಯಲ್ಲ ಎಂಬ ತತ್ವ ನಮ್ಮ ಸಂವಿಧಾನದ 9ನೇ ವಿಧಿಯಲ್ಲೇ ಇದೆ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಅದನ್ನು ಮುಂದಿನ ಕಾಲಕ್ಕೂ ವಿಸ್ತರಿಸಿತು. ಅರ್ಜಿ ಕೊಟ್ಟು ಬಿಡಬೇಕೆಂದೂ ಇಲ್ಲ. ಬಲಗೈ ಕೆಳಗಿಳಿಸುವಷ್ಟರಲ್ಲಿ ಭಾರತದ ಪೌರತ್ವ ಹೋಗಿರುತ್ತದೆ. ಆಮೇಲೆ ಪಾಸ್‌ಪೋರ್ಟನ್ನು ಒಪ್ಪಿಸುವುದಷ್ಟೇ ಬಾಕಿ.

ಹಾಗಾಗಿ "ಎರಡನೆಯ ಪೌರತ್ವ" ಎಂಬ ಮಾತೇ ನಮ್ಮ ಮಟ್ಟಿಗೆ ತಪ್ಪು. ಕೂಡಿಸುವ ಲೆಕ್ಕ ಇಲ್ಲಿಲ್ಲ. ಒಂದನ್ನು ಕೊಟ್ಟು ಇನ್ನೊಂದನ್ನು ತರುವ ವ್ಯಾಪಾರ ಇದು. ಎಲ್.ಎಂ. ಸಿಂಘ್ವಿಯವರ ಸಮಿತಿ 2002ರಲ್ಲಿ ದ್ವಿಪೌರತ್ವದ ಶಿಫಾರಸು ಮಾಡಿತ್ತು, 2003ರ ಜನವರಿಯಲ್ಲಿ ಪ್ರಧಾನಿ ವಾಜಪೇಯಿ ಅದನ್ನು ಘೋಷಿಸಿಯೂ ಇದ್ದರು. ಕೊನೆಗೆ ಬಂದದ್ದು ಓಸಿಐ ಕಾರ್ಡು. ಹೆಸರಿನಲ್ಲಿ ಪೌರತ್ವ ಇದೆ, ಒಳಗೆ ಇರುವುದು ಜೀವನಪರ್ಯಂತದ ವೀಸಾ. ಅದಿದ್ದರೆ ಶಿರಸಿಯಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು, ಖಾಸಗಿ ಕೆಲಸ ಮಾಡಬಹುದು, ಅಪ್ಪನ ತೋಟ ಪಿತ್ರಾರ್ಜಿತವಾಗಿ ಬರುವುದಕ್ಕೂ ಅಡ್ಡಿಯಿಲ್ಲ. ಪಕ್ಕದ ಅರ್ಧ ಎಕರೆ ಮಾರಾಟಕ್ಕೆ ಬಂದರೆ ಕೊಳ್ಳುವಂತಿಲ್ಲ. ಪತ್ರಿಕೋದ್ಯಮಕ್ಕೆ, ಸಂಶೋಧನೆಗೆ 2021ರ ಅಧಿಸೂಚನೆಯ ಪ್ರಕಾರ ವಿಶೇಷ ಅನುಮತಿ ಬೇಕು. ಸರ್ಕಾರ ಹೆಸರಿಸಿದ ಕಾನೂನನ್ನು ಉಲ್ಲಂಘಿಸಿದರೆ ಕಾರ್ಡನ್ನೇ ರದ್ದು ಮಾಡುವ ಅಧಿಕಾರ 2019ರ ತಿದ್ದುಪಡಿಯಿಂದ ಬಂದಿದೆ. ಮತ್ತು ಓಟಿಲ್ಲ.

ಈ ಕೊನೆಯದು ನನ್ನನ್ನು ಕಾಡಿದಷ್ಟು ಉಳಿದವು ಕಾಡಲಿಲ್ಲ. ಏಕೆಂದು ಹೇಳಬೇಕಾದರೆ ನಮ್ಮೂರಿನ ಗ್ರಾಮಸಭೆಯ ವಿಚಾರ ಹೇಳಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವವರೇ ಅದರ ಸದಸ್ಯರು. ಎರಡು ವರ್ಷದ ಹಿಂದೆ ರಜೆಗೆ ಹೋದಾಗ ಅಮ್ಮನ ಜೊತೆ ಹೋಗಿ ಕೂತಿದ್ದೆ. ಕೆರೆಯ ಹೂಳು, ಅಂಗನವಾಡಿಯ ಸೋರುವ ಮಾಡು, ನಮ್ಮ ಕೇರಿಗೆ ಬರಬೇಕಿದ್ದ ಕಾಲುಸಂಕ. ನಾನು ಸಂಕದ ಬಗ್ಗೆ ಏನೋ ಹೇಳಲು ಎದ್ದೆ. ಹಿಂದಿನಿಂದ ಒಬ್ಬರು, ಸಿಟ್ಟಿಲ್ಲದೆಯೇ, "ನೀವು ಹೇಳಿ ಹೋಗ್ತೀರಿ, ಮಳೆಗಾಲದಲ್ಲಿ ದಾಟೋರು ನಾವು," ಅಂದರು. ಕೂತುಬಿಟ್ಟೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಆ ಮಾತಿನಲ್ಲಿದ್ದ ವಿಚಾರವನ್ನೇ ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಚಿಕ್ಕ ಪುಸ್ತಕ ಮಾಡಿದ. ಯಾವುದೇ ಸಂಸ್ಥೆ ಹಾಳಾಗತೊಡಗಿದಾಗ ಅದರೊಳಗಿನವರಿಗೆ ಎರಡು ದಾರಿ: ಎದ್ದು ಹೋಗುವುದು, ಇಲ್ಲವೇ ಅಲ್ಲೇ ನಿಂತು ದನಿ ಎತ್ತುವುದು. ಹೋಗುವುದು ಸುಲಭವಾದಷ್ಟೂ ದನಿ ಕ್ಷೀಣಿಸುತ್ತದೆ, ಯಾಕೆಂದರೆ ಚೆನ್ನಾಗಿ ದನಿ ಎತ್ತಬಲ್ಲವರೇ ಮೊದಲು ಹೋಗುತ್ತಾರೆ. ನಮ್ಮೂರಿನ ಕನ್ನಡ ಶಾಲೆಗೆ ಆದದ್ದು ಅದೇ. ಮೇಷ್ಟರನ್ನು ನಿಲ್ಲಿಸಿ ಪ್ರಶ್ನೆ ಕೇಳಬಲ್ಲ ತಂದೆತಾಯಿಗಳು ಯಾರಿದ್ದರೋ ಅವರ ಮಕ್ಕಳು ಶಿರಸಿಯ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಹತ್ತಿದರು. ಹಿರ್ಷ್‌ಮನ್ ಹೋಗುವುದನ್ನು ಹೀಗಳೆದವನಲ್ಲ; 1933ರಲ್ಲಿ ಬರ್ಲಿನ್ ಬಿಟ್ಟು ಜೀವ ಉಳಿಸಿಕೊಂಡವನು ಅವನು. ಆದರೆ ನನ್ನ ಮುಂದಿದ್ದ ಅರ್ಜಿ ಏನನ್ನು ಕೇಳುತ್ತಿದೆ ಎಂಬುದು ಅವನಿಂದ ಸ್ಪಷ್ಟವಾಯಿತು. ಬಾಗಿಲನ್ನು ಉಳಿಸಿಕೊಳ್ಳಲು ದನಿಯನ್ನು ಒತ್ತೆ ಇಡು ಅನ್ನುತ್ತಿತ್ತು ಅದು, ಅದೂ ದನಿ ಬೇಕಾಗುವ ಜಾಗಕ್ಕೆ ಹೊರಟಿರುವ ಹೊತ್ತಿನಲ್ಲಿ.

ನಿಮಗೆ ಇಲ್ಲಿ ಒಂದು ನಗು ಬರಬಹುದು. ಇಪ್ಪತ್ತು ವರ್ಷ ಓಟು ಹಾಕದವನಿಗೆ ಈಗ ಓಟಿನ ಮೇಲೆ ಇಷ್ಟೊಂದು ಪ್ರೀತಿಯೇ? ವಿದೇಶದಲ್ಲಿರುವ ಭಾರತದ ಪ್ರಜೆಗಳು ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು ಎಂಬ ತಿದ್ದುಪಡಿ 2010ರಲ್ಲೇ ಬಂದಿದೆ. ಓಟಿನ ದಿನ ಖುದ್ದಾಗಿ ಮತಗಟ್ಟೆಗೆ ಹೋಗಬೇಕು, ಅಷ್ಟೇ. ನಾನು ಹೆಸರನ್ನೂ ಸೇರಿಸಲಿಲ್ಲ. ಅಮ್ಮ ಪ್ರತಿ ಚುನಾವಣೆಯಲ್ಲೂ ಶಾಯಿ ಹಚ್ಚಿದ ಬೆರಳಿನ ಫೋಟೋ ಕಳಿಸುತ್ತಾಳೆ, ನಾನು ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತೇನೆ. ಇನ್ನೊಂದು ಆಕ್ಷೇಪವೂ ಇದೆ. ಪೌರತ್ವ ಇದ್ದೂ ಗ್ರಾಮಸಭೆಯ ಕಡೆ ತಲೆ ಹಾಕದವರು ಸಾವಿರ ಜನ. ಪರದೇಶದ ಪಾಸ್‌ಪೋರ್ಟ್ ಹಿಡಿದು ಕೆರೆಯ ಹೂಳೆತ್ತಲು ನಿಲ್ಲುವವನು ಅವರಿಗಿಂತ ಕಡಿಮೆಯವನೇ? ಖಂಡಿತ ಅಲ್ಲ. ಅವನು ನಮ್ಮೆಲ್ಲರಿಗಿಂತ ಒಳ್ಳೆಯವನಿರಬಹುದು. ಆದರೆ ಅವನ ಒಳ್ಳೆಯತನ ದಾನದ ರೂಪದ್ದಾಗಿರುತ್ತದೆ. ಕೊಡುವುದನ್ನು ನಿಲ್ಲಿಸಿ ಅವನು ಯಾವತ್ತಾದರೂ ಹೋಗಬಹುದು, ಊರು ಅವನನ್ನು ಪ್ರಶ್ನಿಸುವಂತಿಲ್ಲ. ಅವನೂ ಊರನ್ನು ಹಕ್ಕಿನಿಂದ ಪ್ರಶ್ನಿಸುವಂತಿಲ್ಲ. ನನಗೆ ಬೇಕಿದ್ದದ್ದು ಆ ಎರಡೂ ಪ್ರಶ್ನೆಗಳಿಗೆ ಸಿಕ್ಕಿಕೊಳ್ಳುವುದು. ಮಳೆಗಾಲದಲ್ಲಿ ಸಂಕ ದಾಟುವವರ ಪೈಕಿ ಒಬ್ಬನಾಗಿ ಮಾತಾಡುವುದು.

ಇಷ್ಟು ಯೋಚಿಸಿದ ಮೇಲೆ ನನ್ನ ತೀರ್ಮಾನ ಆಯಿತೆಂದುಕೊಂಡು ಒಂದು ರಾತ್ರಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅರೆಂಟ್, ಹಿರ್ಷ್‌ಮನ್, ಕಾಲುಸಂಕ ಎಲ್ಲ. ಅವಳು ಪೂರ್ತಿ ಕೇಳಿ, "ನಾನು ಅರ್ಜಿ ಹಾಕ್ತೀನಿ," ಅಂದಳು.

"ವಾಪಸು ಹೋಗ್ತಿದ್ದೀವಿ ಅಂತ ನೀನು ಹೇಳ್ತೀಯ. ವಾಪಸು ಹೋಗ್ತಿರೋದು ನೀನು. ನಾನು ಹೋಗ್ತಿರೋದು ನಿನ್ನ ಊರಿಗೆ, ಮೊದಲನೇ ಸಲ."

ಅವಳು ಮೈಸೂರಿನವಳು. 2008ರಲ್ಲಿ ನನ್ನ ಮೇಲೆ ಅವಲಂಬಿತಳೆಂಬ ಎಚ್-4 ವೀಸಾದಲ್ಲಿ ಬಂದಳು. ಅದರಲ್ಲಿ ಕೆಲಸ ಮಾಡುವಂತಿರಲಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿರುವವರ ಸಂಗಾತಿಗಳಿಗೆ ಕೆಲಸದ ಅನುಮತಿ ಕೊಡುವ ನಿಯಮ ಬಂದದ್ದು 2015ರಲ್ಲಿ. ಎಂ.ಎಸ್‌ಸಿ. ಓದಿದವಳು ಏಳು ವರ್ಷ ಇನ್ನೊಬ್ಬರ ಕಾಗದದ ನೆರಳಿನಲ್ಲಿ ಕೂತಿದ್ದಳು. ನನ್ನ ಕೆಲಸ ಹೋಗಿದ್ದರೆ ಅವಳು ಈ ದೇಶದಲ್ಲಿ ಇರುವ ಹಕ್ಕೂ ಹೋಗುತ್ತಿತ್ತು. "ನನ್ನ ಹೆಸರಲ್ಲಿ ಒಂದು ಬಾಗಿಲು ಇರಲಿ. ನಾನು ಅದರಲ್ಲಿ ಹೋಗ್ತೀನೋ ಇಲ್ವೋ ಬೇರೆ ಮಾತು," ಅಂದಳು. ನಾನು ಊರು, ದನಿ, ಹಂಚಿಕೊಂಡ ಕಷ್ಟ ಎಂದೆಲ್ಲ ಹೇಳುವಾಗ, ಆ ಊರಿನಲ್ಲಿ ಅವಳ ದನಿಗೆ ಎಷ್ಟು ಜಾಗವಿದೆ ಎಂದು ಕೇಳಿಕೊಂಡೇ ಇರಲಿಲ್ಲ. ತಿಂಗಳುಗಟ್ಟಲೆ ನಾನು ಕಟ್ಟಿದ ವಾದದಲ್ಲಿ ಊರು ಅಂದರೆ ನನ್ನ ಊರು, ಮನೆ ಅಂದರೆ ನನ್ನ ಮನೆ. ತವರು ಬಿಟ್ಟು ಗಂಡನ ಮನೆಗೆ ಹೋಗುವ ಹೆಣ್ಣುಮಕ್ಕಳಿಗೆ ನಾವು ಯಾವತ್ತೂ ಎರಡು ಪೌರತ್ವ ಕೊಟ್ಟವರಲ್ಲ. ಒಂದನ್ನು ಬಿಡಿಸಿಯೇ ಇನ್ನೊಂದನ್ನು ಕೊಟ್ಟಿದ್ದೇವೆ.

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು, ನಗುತ್ತಲೇ. "ನೀನು ಬೇಡ ಅಂತ ಬಿಟ್ಟರೂ ನಿನಗೇನೂ ನಷ್ಟ ಇಲ್ಲ ಬಿಡು. ಬೇಕಾದಾಗ ನಾನು ಕರೆಸ್ಕೋತೀನಿ."

ಅದು ನಿಜ. ಅಮೆರಿಕದ ಪ್ರಜೆಯ ಗಂಡನಿಗೆ ಆ ಶೇಕಡಾ 7ರ ಸಾಲಿನಲ್ಲಿ ನಿಲ್ಲುವ ಅಗತ್ಯವಿಲ್ಲ. ಇಲ್ಲಿ ಹುಟ್ಟಿದ ಮಗಳು ಹೇಗೂ ಅಮೆರಿಕದವಳೇ. ಅವಳಿಗೆ 21 ತುಂಬಿದರೆ ಅವಳೂ ನಮ್ಮನ್ನು ಕರೆಸಿಕೊಳ್ಳಬಹುದು. ನಾನು ದೊಡ್ಡ ತ್ಯಾಗವೆಂದುಕೊಂಡಿದ್ದಕ್ಕೆ ಇಬ್ಬರು ಹೆಣ್ಣುಮಕ್ಕಳ ಪಾಸ್‌ಪೋರ್ಟಿನ ಆಸರೆ ಇತ್ತು. ನನ್ನ ಆತ್ಮಸಾಕ್ಷಿಯ ಖರ್ಚನ್ನು ಅವರು ಕಟ್ಟುತ್ತಿದ್ದರು. ಸಂಕದ ಬಗ್ಗೆ ಮಾತಾಡಿದ ಆ ಮನುಷ್ಯರಿಗೆ ಇಂಥ ಆಸರೆ ಇಲ್ಲ, ಮತ್ತು ನಾನು ಯಾವ ಪಾಸ್‌ಪೋರ್ಟ್ ಹಿಡಿದು ಹೋದರೂ ಅವರ ಸ್ಥಿತಿ ನನ್ನದಾಗುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದು ನನಗೆ ಪ್ರಮಾಣವಚನದ ವಿಚಾರಕ್ಕಿಂತ ಕಷ್ಟವಾಯಿತು.

ಆದರೂ ನನ್ನ ತೀರ್ಮಾನ ಬದಲಾಗಲಿಲ್ಲ. ಅದಕ್ಕೆ ಕೊಡುತ್ತಿದ್ದ ಕಾರಣ ಮಾತ್ರ ಸಣ್ಣದಾಯಿತು. ಬಾಗಿಲು ಮುಚ್ಚಿ ಬಂದವನು ನಾನು ಎಂದು ಊರಿನಲ್ಲಿ ಹೇಳಿಕೊಳ್ಳುವಂತಿಲ್ಲ, ಹೇಳಿದರೆ ಸುಳ್ಳಾಗುತ್ತದೆ. ಹೇಳಬಹುದಾದದ್ದು ಇಷ್ಟೇ: ಇಲ್ಲಿ ಲೆಕ್ಕಕ್ಕೆ ಸಿಗುವವನಾಗಿ ಇರಲು ಆಸೆಯಿದೆ, ಸಭೆಯಲ್ಲಿ ಕೈ ಎತ್ತಿದರೆ ಎಣಿಸುವಂತಿರಬೇಕು. ಹೆಂಡತಿಯ ಆಯ್ಕೆಯೂ ಇದಕ್ಕೆ ವಿರುದ್ಧವೆಂದು ಈಗ ಅನ್ನಿಸುವುದಿಲ್ಲ. ಲೆಕ್ಕಕ್ಕೆ ಸಿಗದೆ ಏಳು ವರ್ಷ ಕಳೆದವಳು ಅವಳು. ತನ್ನ ಹೆಸರಿನ ಕಾಗದವನ್ನು ಎಲ್ಲಿ ಸಿಗುತ್ತದೋ ಅಲ್ಲಿ ಪಡೆಯುತ್ತಿದ್ದಾಳೆ. ಒಂದೇ ಮನೆಯಲ್ಲಿ ಒಂದೇ ಪ್ರಶ್ನೆಗೆ ಎರಡು ಸರಿಯುತ್ತರ ಇರುವುದು ಸಾಧ್ಯ. ಇಬ್ಬರೂ ಒಂದೇ ಜಾಗದಿಂದ ಹೊರಟವರಲ್ಲ ಎಂದು ಒಪ್ಪಿಕೊಂಡರೆ ಸಾಕು.

ಅವಳು ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿ ಕಳಿಸಿದಳು, ಹತ್ತಿರ ಹತ್ತಿರ ಎರಡು ಗಂಟೆಯ ಕೆಲಸ. ಮೇಜಿನ ಮೇಲಿದ್ದ ನನ್ನ ಪ್ರತಿಯನ್ನು ಮಗಳು ಲೆಕ್ಕಕ್ಕೆ ಬೇಕೆಂದು ತೆಗೆದುಕೊಂಡು ಹೋದಳು.

ಮೊನ್ನೆ ಅಮ್ಮನಿಗೆ ಫೋನ್ ಮಾಡಿ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇದೆಯೇ ಎಂದು ಯಾರ ಕೈಯಲ್ಲಾದರೂ ನೋಡಿಸು ಅಂದೆ. ಅವಳು ನೋಡಿಸಬೇಕಾಗಿಯೂ ಇರಲಿಲ್ಲ. "ನಿನ್ನ ಹೆಸರು ತೆಗೆದು ಎಷ್ಟೋ ವರ್ಷ ಆತು. ಅಪ್ಪನ ಹೆಸರು ಮಾತ್ರ ಇನ್ನೂ ಅಲ್ಲೇ ಇದೆ," ಅಂದಳು. ಹೊಸದಾಗಿ ಸೇರಿಸಲು ನಮೂನೆ 6 ತುಂಬಬೇಕು. ಊರಿನಲ್ಲಿ ವಾಸವಿರುವುದಕ್ಕೆ ದಾಖಲೆ ಬೇಕು. ಅದನ್ನು ತುಂಬಲು ಮೊದಲು ಅಲ್ಲಿಗೆ ಹೋಗಿ ಇರಬೇಕು.